ಕೀಟ ಕಚ್ಚಿದ ಊಲಾಂಗ್ ಚಹಾ

ಕೀಟ ಕಚ್ಚಿದ ಊಲಾಂಗ್ ಎಂದರೆ, ಹಸಿರು ಜಿಗಿಹುಳು ರಸ ಹೀರಿದ ಎಳೆಯ ಚಿಗುರನ್ನು ಕಿತ್ತು, ಭಾಗಶಃ ಉತ್ಕರ್ಷಣೆಗೆ ಒಳಪಡಿಸಿ ತಯಾರಿಸುವ, ಸಹಜವಾಗಿ ಜೇನಿನ ಕಂಪುಳ್ಳ ಚಹಾ. ಇದರ ತವರು ತೈವಾನ್. ದ್ವೀಪದ ವಾಯವ್ಯ ಭಾಗದ ಸಿಂಚು ಮತ್ತು ಮಿಯಾವ್‌ಲಿ ಜಿಲ್ಲೆಗಳ ತಗ್ಗು ಗುಡ್ಡಗಳಲ್ಲಿ ಬೆಳೆಯುವ ‘ಡೊಂಗ್‌ಫಾಂಗ್ ಮೇಯ್‌ರೆನ್’, ಅಂದರೆ ‘ಪೂರ್ವದೇಶದ ಸುಂದರಿ’, ಈ ವರ್ಗದ ಮೊದಲ ಮತ್ತು ಮುಖ್ಯ ಚಹಾ. ಇದಕ್ಕೆ ಜೇನನ್ನಾಗಲಿ, ಸಕ್ಕರೆಯನ್ನಾಗಲಿ, ಕೃತಕ ಸುವಾಸನೆಯನ್ನಾಗಲಿ ಬೆರೆಸುವುದಿಲ್ಲ. ಹುಳುವಿನ ದಾಳಿಗೆ ಗಿಡ ತೋರುವ ಪ್ರತಿಕ್ರಿಯೆಯಿಂದ ಎಲೆಯೊಳಗೇ ಹುಟ್ಟುವ ಪರಿಮಳದ್ರವ್ಯಗಳೇ ಈ ಕಂಪಿಗೆ ಕಾರಣ.

ಹೆಸರುಗಳು ಮತ್ತು ಪಾರಿಭಾಷಿಕ ಪದಗಳು

‘ಕಚ್ಚಿದ’ ಎಂಬುದು ರೂಢಿಯ ಮಾತು. ನಿಜವಾಗಿ ಈ ಹುಳುವಿಗೆ ಕಚ್ಚುವ ಬಾಯಿಯೇ ಇಲ್ಲ. ಸೂಜಿಯಂಥ ಹೀರುಕೊಳವೆಯನ್ನು ಚಿಗುರಿನೊಳಗೆ ಚುಚ್ಚಿ ರಸ ಹೀರುತ್ತದೆ. ಎಲೆಯನ್ನು ತಿನ್ನುವ ಕಂಬಳಿಹುಳುವಿನ ಹಾಗೆ ತೂತು ಮಾಡುವುದಿಲ್ಲ. ಹಾಗಾಗಿ ತೂತು ಬಿದ್ದ ಎಲೆಗೂ ಈ ಚಹಾಕ್ಕೂ ಸಂಬಂಧವಿಲ್ಲ.

ತೈವಾನಿನ ಹಕ್ಕಾ ಸಮುದಾಯದ ಬೆಳೆಗಾರರು ಇಂಥ ಚಿಗುರನ್ನು ‘ಜೊಲ್ಲು ತಾಗಿದ್ದು’ ಎಂಬ ಅರ್ಥದ ಪದದಿಂದ ಕರೆಯುತ್ತಾರೆ. ಕನ್ನಡದಲ್ಲಿ ‘ಎಂಜಲಾದದ್ದು’ ಎನ್ನಬಹುದಿತ್ತು. ಆದರೆ ‘ಎಂಜಲೆಲೆ’ ಎಂದೊಡನೆ ಉಂಡು ಬಿಟ್ಟ ಬಾಳೆಲೆಯೇ ಕಣ್ಣಿಗೆ ಕಟ್ಟುವುದರಿಂದ ಇಲ್ಲಿ ‘ಜೊಲ್ಲು ತಾಗಿದ ಚಿಗುರು’ ಎಂಬ ಪ್ರಯೋಗವನ್ನು ಉಳಿಸಿಕೊಂಡಿದೆ. ಹಕ್ಕಾ ಜನರ ಮಾತು ಎಷ್ಟು ಕರಾರುವಾಕ್ಕಾಗಿತ್ತು ಎಂಬುದು ರಸಾಯನಶಾಸ್ತ್ರದ ಭಾಗದಲ್ಲಿ ತಿಳಿಯುತ್ತದೆ.

ಡೊಂಗ್‌ಫಾಂಗ್ ಮೇಯ್‌ರೆನ್‌ಗೆ ಇನ್ನೂ ಹಲವು ಹೆಸರುಗಳಿವೆ. ಕುಡಿಯ ಮೇಲಿನ ಬೆಳ್ಳನೆಯ ನವುರಾದ ರೋಮದಿಂದ ‘ಬೈಹಾವ್ ಊಲಾಂಗ್’, ಅಂದರೆ ಬಿಳಿರೋಮದ ಊಲಾಂಗ್ ಎಂಬ ಹೆಸರು ಬಂದಿದೆ. ಪಾಶ್ಚಾತ್ಯ ಮಾರುಕಟ್ಟೆಯಲ್ಲಿ ‘ಶಾಂಪೇನ್ ಊಲಾಂಗ್’ ಎಂಬ ಹೆಸರೂ ಓಡಾಡುತ್ತದೆ. ಊರಿನವರ ಬಾಯಲ್ಲಿ ಹೆಚ್ಚು ಉಳಿದಿರುವುದು ‘ಪೆಂಗ್‌ಫೆಂಗ್ ಚಹಾ’. ಅದರ ಅರ್ಥ ಬಡಾಯಿ ಚಹಾ.

ಚಹಾ ತಯಾರಿಕೆಯಲ್ಲಿ ಎಲೆ ಕಂದುಬಣ್ಣಕ್ಕೆ ತಿರುಗುವ ಹಂತವನ್ನು ವ್ಯಾಪಾರದ ಭಾಷೆಯಲ್ಲಿ ‘ಹುದುಗುವಿಕೆ’ ಎನ್ನುತ್ತಾರೆ. ದೋಸೆ ಹಿಟ್ಟು ಹುದುಗುವಂತೆ ಸೂಕ್ಷ್ಮಜೀವಿಗಳು ನಡೆಸುವ ಕ್ರಿಯೆ ಇದಲ್ಲ. ಎಲೆಯದೇ ಕಿಣ್ವಗಳು ಗಾಳಿಯ ಆಮ್ಲಜನಕದ ನೆರವಿನಿಂದ ನಡೆಸುವ ಕ್ರಿಯೆ. ಆದುದರಿಂದ ‘ಉತ್ಕರ್ಷಣೆ’ ಎಂಬುದೇ ಸರಿಯಾದ ಪದ.

ಉಗಮ

ತೈವಾನಿನ ಊಲಾಂಗ್ ಹೊರದೇಶಕ್ಕೆ ಹೋಗಲು ತೊಡಗಿದ್ದು 1860ರ ದಶಕದಲ್ಲಿ. ಬ್ರಿಟಿಷ್ ವರ್ತಕ ಜಾನ್ ಡಾಡ್, ತನ್ನ ಸಹವರ್ತಿ ಲಿ ಚುನ್‌ಶೆಂಗ್‌ನ ನೆರವಿನಿಂದ ಚೀನಾದ ಆನ್‌ಶಿ ಪ್ರದೇಶದ ಚಹಾ ಸಸಿಗಳನ್ನು ತರಿಸಿ, ರೈತರಿಗೆ ಸಾಲ ಕೊಟ್ಟು ಬೆಳೆಸಿದ. 1869ರಲ್ಲಿ ಎರಡು ಹಡಗುಗಳಲ್ಲಿ 2,131 ಪಿಕುಲ್, ಅಂದರೆ ಸುಮಾರು 127 ಟನ್ ಚಹಾ, ‘ಫಾರ್ಮೋಸಾ ಊಲಾಂಗ್’ ಎಂಬ ಹೆಸರಿನಲ್ಲಿ ನೇರವಾಗಿ ನ್ಯೂಯಾರ್ಕಿಗೆ ಹೋಯಿತು. ಫಾರ್ಮೋಸಾ ಎಂಬುದು ತೈವಾನಿಗೆ ಪೋರ್ಚುಗೀಸರಿಂದ ಬಂದ ಹೆಸರು. 1895ರಿಂದ 1945ರವರೆಗಿನ ಜಪಾನಿ ಆಳ್ವಿಕೆಯಲ್ಲಿ ಚಹಾ ದ್ವೀಪದ ಮುಖ್ಯ ರಫ್ತುಗಳಲ್ಲಿ ಒಂದಾಗಿತ್ತು. 1903ರಲ್ಲಿ ಇಂದಿನ ತಾವ್‌ಯುವಾನ್ ಪ್ರದೇಶದಲ್ಲಿ ಚಹಾ ಪ್ರಯೋಗಕೇಂದ್ರವೂ ಆರಂಭವಾಯಿತು.

ಹುಳು ಹೀರಿದ ಚಿಗುರಿನಿಂದ ಚಹಾ ಮಾಡಲು ಮೊದಲು ಯಾರು ಮುಂದಾದರು ಎಂಬುದಕ್ಕೆ ದಾಖಲೆಯಿಲ್ಲ, ಕಥೆಯಿದೆ. ಸಿಂಚು ಜಿಲ್ಲೆಯ ಬೇಪು ಊರಿನ ರೈತನೊಬ್ಬನ ತೋಟಕ್ಕೆ ಹುಳು ಬಿದ್ದಿತು. ಬಿಸಾಡಲು ಮನಸ್ಸು ಬಾರದೆ ಮುರುಟಿದ ಚಿಗುರನ್ನೇ ಚಹಾ ಮಾಡಿ ಪಟ್ಟಣಕ್ಕೆ ಒಯ್ದ. ವಿದೇಶಿ ವರ್ತಕ ಎರಡು ಪಟ್ಟು ಬೆಲೆ ಕೊಟ್ಟ. ಊರಿಗೆ ಬಂದು ಹೇಳಿದರೆ ಯಾರೂ ನಂಬದೆ ‘ಬಡಾಯಿ’ ಎಂದು ನಕ್ಕರು. ಬಡಾಯಿ ಚಹಾ ಎಂಬ ಹೆಸರಿನ ಮೂಲ ಇದೆಂದು ಹೇಳಲಾಗುತ್ತದೆ.

‘ಪೂರ್ವದೇಶದ ಸುಂದರಿ’ ಎಂಬ ಹೆಸರನ್ನು ಇಂಗ್ಲೆಂಡಿನ ರಾಣಿ ಇಟ್ಟಳೆಂಬ ಕಥೆ ಇನ್ನೂ ಹೆಚ್ಚು ಪ್ರಚಾರದಲ್ಲಿದೆ. ಗಾಜಿನ ಲೋಟದಲ್ಲಿ ಕುಡಿಗಳು ಕುಣಿಯುವುದನ್ನು ಕಂಡು ಆಕೆ ಹಾಗೆ ಕರೆದಳಂತೆ. ಆದರೆ ಕೆಲವರು ಆ ರಾಣಿ ವಿಕ್ಟೋರಿಯಾ ಎನ್ನುತ್ತಾರೆ, ಕೆಲವರು ಎರಡನೆಯ ಎಲಿಜಬೆತ್ ಎನ್ನುತ್ತಾರೆ. ವಿಕ್ಟೋರಿಯಾ ತೀರಿಕೊಂಡದ್ದು 1901ರಲ್ಲಿ, ಎಲಿಜಬೆತ್ ಪಟ್ಟಕ್ಕೆ ಬಂದದ್ದು 1952ರಲ್ಲಿ. ಅರ್ಧ ಶತಮಾನದಷ್ಟು ಸಡಿಲವಿರುವ ಕಥೆಯನ್ನು ಇತಿಹಾಸವೆಂದು ಎಣಿಸಲಾಗದು.

ಜಿಗಿಹುಳು

ಈ ಚಹಾಕ್ಕೆ ಕಾರಣವಾದ ಕೀಟ ಸಿಕಾಡೆಲಿಡೇ ಕುಟುಂಬಕ್ಕೆ ಸೇರಿದ ಚಹಾದ ಹಸಿರು ಜಿಗಿಹುಳು. ಇದರ ವೈಜ್ಞಾನಿಕ ಹೆಸರಿನಲ್ಲಿ ಬಹುಕಾಲ ಗೊಂದಲವಿತ್ತು. ತೈವಾನಿನ ಬರಹಗಳಲ್ಲಿ ಜಾಕೋಬಿಯಾಸ್ಕಾ ಫಾರ್ಮೋಸಾನಾ ಎಂದೂ ಚೀನಾದ ಬರಹಗಳಲ್ಲಿ ಎಂಪೋಸ್ಕಾ ವಿಟಿಸ್ ಎಂದೂ ಬರೆಯುತ್ತಿದ್ದರು. 2015ರ ಸುಮಾರಿಗೆ ದೇಹರಚನೆ ಮತ್ತು ಡಿಎನ್‌ಎ ಹೋಲಿಕೆಗಳು ನಡೆದ ಮೇಲೆ ಚೀನಾ, ಜಪಾನ್, ತೈವಾನ್‌ಗಳ ಚಹಾ ತೋಟದಲ್ಲಿರುವುದು ಎಂಪೋಸ್ಕಾ ಒನುಕೀ ಎಂಬ ಒಂದೇ ಪ್ರಭೇದ ಎಂಬ ಅಭಿಪ್ರಾಯ ನೆಲೆಗೊಂಡಿತು. ಹಳೆಯ ಹೆಸರುಗಳು ಈಗಲೂ ಕೆಲವೆಡೆ ಕಾಣಸಿಗುತ್ತವೆ.

ಬೆಳೆದ ಹುಳು ಸುಮಾರು 3 ಮಿಲಿಮೀಟರ್ ಉದ್ದ, ಹಳದಿ ಬೆರೆತ ಹಸಿರು ಬಣ್ಣ. ಗಿಡವನ್ನು ಅಲುಗಿಸಿದರೆ ಚಿಮ್ಮಿ ಹಾರುತ್ತದೆ. ಎಲೆಯ ಮೇಲೆ ಏಡಿಯ ಹಾಗೆ ಅಡ್ಡಡ್ಡ ಓಡುತ್ತದೆ. ಹೆಣ್ಣುಹುಳು ಎಳೆಯ ದಂಟಿನ ಒಳಗೆ ಮೊಟ್ಟೆ ಇಡುತ್ತದೆ. ಹೊರಬಂದ ರೆಕ್ಕೆಯಿಲ್ಲದ ಮರಿಗಳು ಐದು ಹಂತಗಳಲ್ಲಿ ಪೊರೆ ಕಳಚಿ ಬೆಳೆಯುತ್ತವೆ. ಮರಿ, ಪ್ರೌಢ ಹುಳು ಎರಡೂ ಎಲೆಯ ಅಡಿಭಾಗದಲ್ಲಿ ಕುಳಿತು ರಸ ಹೀರುತ್ತವೆ. ಬೇಸಿಗೆಯ ಸೆಕೆಯಲ್ಲಿ ಸಂಖ್ಯೆ ಏರುತ್ತದೆ, ಜೋರು ಮಳೆ ಬಂದರೆ ಇಳಿಯುತ್ತದೆ.

ಕನ್ನಡನಾಡಿನ ರೈತರಿಗೆ ಈ ಕುಟುಂಬ ಅಪರಿಚಿತವಲ್ಲ. ಹತ್ತಿಯ ಎಲೆಯ ಅಂಚನ್ನು ಕೆಂಪಾಗಿಸಿ ಮುದುಡಿಸುವ ಹಸಿರು ಜಿಗಿಹುಳು, ಮಾವಿನ ಹೂಗೊಂಚಲಿಗೆ ಮುತ್ತಿ ಅಂಟು ಸುರಿಸುವ ಜಿಗಿಹುಳು, ಇವೆರಡೂ ಅದರ ಬಂಧುಗಳೇ. ಚಹಾದ ಚಿಗುರಿನಲ್ಲೂ ಗಾಯದ ಗುರುತು ಹೆಚ್ಚುಕಡಿಮೆ ಹತ್ತಿಯಲ್ಲಿ ಕಾಣುವಂಥದೇ: ಮೊದಲು ನರಗಳು ಕೆಂಪಾಗುತ್ತವೆ, ಎಲೆ ಹಳದಿಗೆ ತಿರುಗುತ್ತದೆ, ಅಂಚು ಕಂದಾಗಿ ದೋಣಿಯ ಹಾಗೆ ಒಳಕ್ಕೆ ಬಾಗುತ್ತದೆ, ಬೆಳವಣಿಗೆ ನಿಲ್ಲುತ್ತದೆ. ಸಾಮಾನ್ಯ ಚಹಾ ತೋಟದಲ್ಲಿ ಇದು ಇಳುವರಿ ಕೆಡಿಸುವ ಪೀಡೆ. ಔಷಧ ಹೊಡೆದು ತೊಲಗಿಸಲು ನೋಡುತ್ತಾರೆ. ಸಿಂಚುವಿನ ಬೆಳೆಗಾರ ಈ ಮುರುಟಿಗಾಗಿಯೇ ಕಾಯುತ್ತಾನೆ.

ಜೇನುಗಂಪಿನ ರಸಾಯನ

ಹುಳು ಹೀರುವಾಗ ಅದರ ಜೊಲ್ಲು ಗಿಡದ ಅಂಗಾಂಶಕ್ಕೆ ಸೇರುತ್ತದೆ. ಗಿಡ ಇದನ್ನು ದಾಳಿಯೆಂದು ಗುರುತಿಸಿ, ಜಾಸ್ಮೋನಿಕ್ ಆಮ್ಲವೇ ಮೊದಲಾದ ಸಂಕೇತಗಳ ಮೂಲಕ ರಕ್ಷಣೆಗೆ ಸಂಬಂಧಿಸಿದ ವಂಶವಾಹಿಗಳನ್ನು ಚುರುಕುಗೊಳಿಸುತ್ತದೆ. ಇದರ ಫಲವಾಗಿ ಟರ್ಪೀನ್ ವರ್ಗದ ಸುವಾಸಿತ ದ್ರವ್ಯಗಳ ತಯಾರಿ ಹೆಚ್ಚುತ್ತದೆ. ಬರಿಯ ಗಾಯ ಸಾಲದು. ಎಲೆಯನ್ನು ಸೂಜಿಯಿಂದ ಚುಚ್ಚಿದರೆ ಈ ಕಂಪು ಇದೇ ರೀತಿ ಮೂಡುವುದಿಲ್ಲ. ಹಕ್ಕಾ ರೈತರ ‘ಜೊಲ್ಲು’ ಎಂಬ ಪದ ನಿಖರವಾಗಿತ್ತೆಂದು ಮೇಲೆ ಹೇಳಿದ್ದು ಇದಕ್ಕೇ.

ಹೀಗೆ ಹೆಚ್ಚುವ ದ್ರವ್ಯಗಳಲ್ಲಿ ಲಿನಲೂಲ್ ಮತ್ತು ಅದರಿಂದ ಹುಟ್ಟುವ ಎರಡು ಸಂಯುಕ್ತಗಳು ಮುಖ್ಯ. ಲಿನಲೂಲ್ ನಮ್ಮ ಅಡುಗೆಮನೆಗೂ ಹೂಬುಟ್ಟಿಗೂ ಪರಿಚಿತ: ಕೊತ್ತಂಬರಿ ಬೀಜದ ಎಣ್ಣೆಯಲ್ಲಿ ಅದರದೇ ಪಾಲು ದೊಡ್ಡದು, ದುಂಡುಮಲ್ಲಿಗೆಯ ಪರಿಮಳದಲ್ಲೂ ಅದು ಇದೆ. ಎಲೆಯೊಳಗೆ ಲಿನಲೂಲ್ ಉತ್ಕರ್ಷಣೆಗೊಂಡು 2,6-ಡೈಮಿಥೈಲ್‌ಆಕ್ಟಾ-3,7-ಡೈಈನ್-2,6-ಡೈಓಲ್ ಆಗುತ್ತದೆ. ಸಂಶೋಧಕರು ಇದನ್ನು ಚಿಕ್ಕದಾಗಿ ‘ಡೈಓಲ್’ ಎನ್ನುತ್ತಾರೆ. ಚಹಾ ಹುರಿಯುವಾಗ, ಒಣಗಿಸುವಾಗ ಶಾಖದಿಂದ ಡೈಓಲ್‌ನ ಒಂದು ಭಾಗ ನೀರಿನ ಅಣುವನ್ನು ಕಳೆದುಕೊಂಡು ಹೋಟ್ರಿಯೆನಾಲ್ ಆಗಿ ಬದಲಾಗುತ್ತದೆ. ಜೇನುಗಂಪಿನ ಗುರುತು ಎಂದು ವಿಶ್ಲೇಷಕರು ಮುಖ್ಯವಾಗಿ ನೋಡುವುದು ಈ ಎರಡನ್ನು. ಹೋಟ್ರಿಯೆನಾಲ್ ಹಲವು ಬಗೆಯ ನಿಜವಾದ ಜೇನಿನಲ್ಲೂ ಇದೆ. ಆದ್ದರಿಂದ ಚಹಾಕ್ಕೆ ‘ಜೇನಿನ ವಾಸನೆ’ ಎನ್ನುವುದು ಬರೀ ಉಪಮೆಯಲ್ಲ. ಮಸ್ಕಟ್ ದ್ರಾಕ್ಷಿಯಲ್ಲೂ ಇವೇ ದ್ರವ್ಯಗಳು ಸಿಗುತ್ತವೆ. ಕೆಲವರಿಗೆ ಈ ಚಹಾದಲ್ಲಿ ಮಾಗಿದ ದ್ರಾಕ್ಷಿಯ ನೆನಪಾಗುವುದಕ್ಕೆ ಅದು ಕಾರಣ.

ಇವಲ್ಲದೆ ಗುಲಾಬಿಯನ್ನು ಹೋಲುವ ಜೆರೇನಿಯಾಲ್, ಹೂವಿನ ಛಾಯೆಯ ಇಂಡೋಲ್ ಮುಂತಾದವುಗಳೂ ಒಟ್ಟು ಕಂಪಿಗೆ ಸೇರುತ್ತವೆ. ಚಹಾ ಎಲೆಯಲ್ಲಿ ಇಂಥ ಹಲವು ದ್ರವ್ಯಗಳು ಸಕ್ಕರೆಯ ಅಣುಗಳಿಗೆ ಅಂಟಿಕೊಂಡು ವಾಸನೆಯಿಲ್ಲದ ಸ್ಥಿತಿಯಲ್ಲಿರುತ್ತವೆ. ಎಲೆ ಬಾಡಿ, ಜೀವಕೋಶಗಳು ಹಾನಿಗೊಂಡಾಗ ಪ್ರೈಮೆವೆರೋಸಿಡೇಸ್ ಎಂಬ ಕಿಣ್ವ ಆ ಗಂಟನ್ನು ಬಿಚ್ಚಿ ಪರಿಮಳವನ್ನು ಹೊರಬಿಡುತ್ತದೆ.

ಗಿಡಕ್ಕೆ ಈ ಪರಿಮಳದಿಂದ ಪ್ರಯೋಜನವೂ ಇದೆ. ದಾಳಿಗೊಳಗಾದ ಎಲೆ ಹೊರಸೂಸುವ ವಾಸನೆ ಜಿಗಿಹುಳುವಿನ ಬೇಟೆಗಾರರಾದ ಜೇಡ ಮುಂತಾದವನ್ನು ಸೆಳೆಯುತ್ತದೆ. ಮನುಷ್ಯನ ಮೂಗಿಗೆ ಜೇನಾದದ್ದು ಗಿಡದ ಪಾಲಿಗೆ ನೆರವಿನ ಕೂಗು.

ಬೆಳೆ ಮತ್ತು ಕೊಯ್ಲು

ಸಿಂಚು ಜಿಲ್ಲೆಯ ಬೇಪು, ಎಮೇ, ಮಿಯಾವ್‌ಲಿ ಜಿಲ್ಲೆಯ ಟೌಫೆನ್, ಟೌವು ಊರುಗಳು ಸಾಂಪ್ರದಾಯಿಕ ಕೇಂದ್ರಗಳು. ತೈಪೆಯ ಆಸುಪಾಸಿನ ಪಿಂಗ್ಲಿನ್, ಶಿಡಿಂಗ್‌ಗಳಲ್ಲೂ ತಯಾರಾಗುತ್ತದೆ. ಎತ್ತರದ ಬೆಟ್ಟವೇ ಶ್ರೇಷ್ಠವೆಂಬ ತೈವಾನಿ ಊಲಾಂಗಿನ ಸಾಮಾನ್ಯ ನಂಬಿಕೆ ಇಲ್ಲಿ ತಲೆಕೆಳಗು: ಗಾಳಿ ಕಡಿಮೆಯಿರುವ, ತೇವವುಳ್ಳ, ಬೆಚ್ಚನೆಯ ತಗ್ಗುಗುಡ್ಡಗಳೇ ಜಿಗಿಹುಳುವಿಗೆ ಇಷ್ಟ.

ಸಿಂಚು–ಮಿಯಾವ್‌ಲಿಯ ಮುಖ್ಯ ತಳಿ ಚಿಂಗ್‌ಶಿನ್ ಡಾಪಾಂಗ್. ಪಿಂಗ್ಲಿನ್ ಕಡೆ ಚಿಂಗ್‌ಶಿನ್ ಊಲಾಂಗ್ ಮತ್ತು ಬೈಮಾವ್‌ಹೌ ಬಳಕೆಯಲ್ಲಿವೆ. ಬೈಮಾವ್‌ಹೌ ಎಂದರೆ ‘ಬಿಳಿಕೂದಲ ಕೋತಿ’. ಪ್ರಯೋಗಕೇಂದ್ರ 1981ರಲ್ಲಿ ಬಿಡುಗಡೆ ಮಾಡಿದ 12ನೆಯ ತಳಿ, 1983ರಲ್ಲಿ ಬಿಡುಗಡೆ ಮಾಡಿದ 15 ಮತ್ತು 17ನೆಯ ತಳಿಗಳಿಂದಲೂ ಈ ಚಹಾ ಮಾಡುತ್ತಾರೆ.

ಕೊಯ್ಲಿನ ಕಾಲ ಜೂನ್ ಆರಂಭದಿಂದ ಜುಲೈವರೆಗೆ, ಡ್ರ್ಯಾಗನ್ ದೋಣಿ ಹಬ್ಬದ ಹಿಂದುಮುಂದಿನ ವಾರಗಳು. ಬೇರೆ ಊಲಾಂಗ್‌ಗಳಿಗೆ ಬೇಸಿಗೆಯ ಚಿಗುರು ಒಗರು, ಕಹಿ ಎಂದು ಕಡೆಗಣನೆ; ಇಲ್ಲಿ ಅದೇ ಶ್ರೇಷ್ಠ. ಬೇರೆ ಊಲಾಂಗ್‌ಗಳಿಗೆ ಬಲಿತ ಎಲೆ ಬೇಕು. ಇಲ್ಲಿ ಒಂದು ಕುಡಿ ಮತ್ತು ಒಂದೆರಡು ಎಳೆಯ ಎಲೆ ಮಾತ್ರ. ಹೀರಿದ ಚಿಗುರು ಯಾವುದು, ಹೀರದ್ದು ಯಾವುದು ಎಂದು ಕಣ್ಣಿನಿಂದಲೇ ಗುರುತಿಸಿ ಆರಿಸಬೇಕಾದ್ದರಿಂದ ಯಂತ್ರ ನಡೆಯುವುದಿಲ್ಲ, ಕೈಯಿಂದಲೇ ಕೀಳಬೇಕು. ಮುರುಟಿದ ಚಿಗುರು ತೀರಾ ಹಗುರ. ಒಂದು ಜಿನ್, ಅಂದರೆ 600 ಗ್ರಾಂ ಸಿದ್ಧ ಚಹಾಕ್ಕೆ ಮೂರರಿಂದ ನಾಲ್ಕು ಸಾವಿರ ಚಿಗುರು ಬೇಕೆಂಬುದು ರೂಢಿಯ ಲೆಕ್ಕ.

ಹುಳು ಉಳಿಯಬೇಕಾದರೆ ಕೊಯ್ಲಿಗೆ ಮುಂಚಿನ ದಿನಗಳಲ್ಲಿ ಕೀಟನಾಶಕ ಹೊಡೆಯುವಂತಿಲ್ಲ. ಆದರೆ ಹುಳುವಿನ ಗಾಯವಿದೆ ಎಂದ ಮಾತ್ರಕ್ಕೆ ತೋಟ ಪೂರ್ತಿ ಸಾವಯವವೆಂದು ಅರ್ಥವಲ್ಲ. ಅದಕ್ಕೆ ಪ್ರತ್ಯೇಕ ಪ್ರಮಾಣಪತ್ರವೇ ಬೇಕು. ಅತಿಯಾದ ದಾಳಿಯೂ ಒಳ್ಳೆಯದಲ್ಲ. ಚಿಗುರು ಸುಟ್ಟಂತೆ ಒಣಗಿಹೋದರೆ ಅದರಲ್ಲಿ ರಸವೂ ಇಲ್ಲ, ಕಂಪೂ ಇಲ್ಲ.

ತಯಾರಿಕೆ

ಕಿತ್ತ ಚಿಗುರನ್ನು ಮೊದಲು ಬಿಸಿಲಿನಲ್ಲಿ ತೆಳ್ಳಗೆ ಹರಡಿ ಬಾಡಿಸುತ್ತಾರೆ. ಬಿಸಿಲು ಖಾರವಾದರೆ ಮೇಲೆ ಬಲೆ ಕಟ್ಟುತ್ತಾರೆ. ಬಳಿಕ ಒಳಗೆ ಬಿದಿರಿನ ಮೊರಗಳಿಗೆ ಬದಲಾಯಿಸಿ, ಗಂಟೆಗೊಮ್ಮೆ ಎರಡು ಗಂಟೆಗೊಮ್ಮೆ ಕೈಯಿಂದ ಮೆಲ್ಲಗೆ ಕೆದಕಿ ಮೇಲೆ ಕೆಳಗೆ ಮಾಡುತ್ತಾರೆ. ಎಲೆಯ ಅಂಚುಗಳು ಒಂದಕ್ಕೊಂದು ತಗಲಿ ಸವೆಯುತ್ತವೆ, ಉತ್ಕರ್ಷಣೆ ಅಂಚಿನಿಂದ ಒಳಕ್ಕೆ ಹರಿಯುತ್ತದೆ. ಹಸಿ ವಾಸನೆ ಹೋಗಿ ಹಣ್ಣಿನ ವಾಸನೆ ಬರುವವರೆಗೂ ಇದು ಸಾಗುತ್ತದೆ, ಸಾಮಾನ್ಯವಾಗಿ ರಾತ್ರಿಯವರೆಗೆ. ಇತರ ಊಲಾಂಗ್‌ಗಳಿಗಿಂತ ಹೆಚ್ಚು ಬಾಡಿಸುವುದು ಈ ಚಹಾದ ಲಕ್ಷಣ. ಎಲೆ ತನ್ನ ತೂಕದ ಕಾಲುಭಾಗದಷ್ಟನ್ನೋ ಇನ್ನೂ ಹೆಚ್ಚನ್ನೋ ಈ ಹಂತದಲ್ಲೇ ಕಳೆದುಕೊಳ್ಳುತ್ತದೆ. ಉತ್ಕರ್ಷಣೆಯ ಮಟ್ಟವೂ ಹೆಚ್ಚು, ಶೇ 50ರಿಂದ 70ರವರೆಗೆ. ಊಲಾಂಗ್‌ಗಳ ಪೈಕಿ ಬ್ಲ್ಯಾಕ್ ಟೀಗೆ ಅತಿ ಹತ್ತಿರ ನಿಲ್ಲುವುದು ಇದೇ.

ಮುಂದೆ ಬಿಸಿ ಬಾಣಲೆಯಲ್ಲಿ ಹುರಿದು ಕಿಣ್ವಗಳ ಕೆಲಸವನ್ನು ನಿಲ್ಲಿಸುತ್ತಾರೆ. ಹುರಿದ ಎಲೆಯನ್ನು ಕೂಡಲೇ ಹೊಸೆದರೆ ಎಳೆಯ ಕುಡಿಗಳು ಪುಡಿಯಾಗುತ್ತವೆ. ಅದಕ್ಕಾಗಿ ಈ ಚಹಾಕ್ಕೆ ವಿಶಿಷ್ಟವಾದ ಒಂದು ಹಂತವಿದೆ: ಬಿಸಿ ಎಲೆಯನ್ನು ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ ಸ್ವಲ್ಪ ಹೊತ್ತು ಇಡುತ್ತಾರೆ. ಆವಿಯಿಂದ ಎಲೆ ಮತ್ತೆ ಮೆತ್ತಗಾಗುತ್ತದೆ. ಆಮೇಲೆ ಹಗುರವಾಗಿ ಹೊಸೆದು, ಮುದ್ದೆ ಬಿಡಿಸಿ, ಒಣಗಿಸುತ್ತಾರೆ. ಉಂಡೆ ಕಟ್ಟುವುದಿಲ್ಲ, ಎಲೆ ತನ್ನಷ್ಟಕ್ಕೆ ಸುರುಳಿಯಾಗಿ ಉಳಿಯುತ್ತದೆ.

ಸಿದ್ಧ ಚಹಾವನ್ನು ಅಂಗೈಯಲ್ಲಿ ಹರಡಿದರೆ ಐದು ಬಣ್ಣ ಕಾಣಬೇಕೆಂಬುದು ಪರೀಕ್ಷಕರ ಮಾತು: ಕುಡಿಯ ಬಿಳಿ, ಜೊತೆಗೆ ಹಸಿರು, ಹಳದಿ, ಕೆಂಪು, ಕಂದು.

ಹುಳು ಹೀರಿದರೂ ಬಾಡಿಸುವುದು ತಪ್ಪಿದರೆ ಜೇನುಗಂಪು ಬಾರದು. ಎಷ್ಟೇ ಚೆನ್ನಾಗಿ ಬಾಡಿಸಿದರೂ ಹುಳು ತಾಗದ ಎಲೆಯಲ್ಲಿ ಅದು ಅಷ್ಟು ಗಾಢವಾಗಿ ಮೂಡದು. ಪರಿಮಳದ ಪೂರ್ತಿ ಶ್ರೇಯವನ್ನು ಹುಳುವಿಗೇ ಕಟ್ಟುವ ಮಾರಾಟದ ಬರಹಗಳು ಈ ಅರ್ಧವನ್ನು ಬಿಟ್ಟುಬಿಡುತ್ತವೆ.

ಸಂಬಂಧಿತ ಬಗೆಗಳು

ಗುಯ್‌ಫೇಯ್ ಊಲಾಂಗ್: ನಾನ್‌ಟೌ ಜಿಲ್ಲೆಯ ಲುಗು ಪ್ರದೇಶದ ಉಂಡೆ ಚಹಾ. ಮಧ್ಯ ತೈವಾನಿನಲ್ಲಿ 1999ರ ಸೆಪ್ಟೆಂಬರ್ 21ರಂದು ನಡೆದ ಭೂಕಂಪದ ನಂತರ ಅಲ್ಲಿನ ತೋಟಗಳು ಆರೈಕೆಯಿಲ್ಲದೆ ಬಿದ್ದು ಜಿಗಿಹುಳು ಹೆಚ್ಚಿತು. ಆ ಎಲೆಯಿಂದ ಅಲ್ಲಿನದೇ ಆದ ಡೊಂಗ್‌ಡಿಂಗ್ ಊಲಾಂಗಿನ ಕ್ರಮದಲ್ಲೇ ಉಂಡೆ ಕಟ್ಟಿ, ಕಾಯಿಸಿ ಈ ಚಹಾ ರೂಪಿಸಿದರು. ಚೀನಾದ ತಾಂಗ್ ವಂಶದ ಅರಸನೊಬ್ಬನ ಪ್ರಿಯೆ ಯಾಂಗ್ ಗುಯ್‌ಫೇಯ್ ಎಂಬವಳ ಹೆಸರು ಇದಕ್ಕಿದೆ.

ಜೇನುಗಂಪಿನ ಬ್ಲ್ಯಾಕ್ ಟೀ: ಪೂರ್ವ ಕರಾವಳಿಯ ಹುವಾಲಿಯೆನ್ ಜಿಲ್ಲೆಯ ರುಯಿಸುಯಿ ಬಳಿಯ ವುಹೆ ಪ್ರಸ್ಥಭೂಮಿ ಇದಕ್ಕೆ ಹೆಸರುವಾಸಿ. ಪೂರ್ಣ ಉತ್ಕರ್ಷಣೆಗೊಳಪಡುವುದರಿಂದ ಇದು ಊಲಾಂಗ್ ಅಲ್ಲ. ಇದೇ ರೀತಿಯ ಹಸಿರು ಚಹಾವೂ ಇದೆ.

ಡಾರ್ಜಿಲಿಂಗ್ ಮಸ್ಕಟೆಲ್: ಮೇ–ಜೂನ್‌ನ ಎರಡನೆಯ ಕೊಯ್ಲಿನ ಡಾರ್ಜಿಲಿಂಗ್ ಚಹಾದಲ್ಲಿ ಬರುವ ಮಸ್ಕಟ್ ದ್ರಾಕ್ಷಿಯ ಕಂಪಿಗೂ ಜಿಗಿಹುಳು ಮತ್ತು ಥ್ರಿಪ್ಸ್ ನುಸಿ ಕಾರಣವೆಂದು ಕಂಡುಬಂದಿದೆ. ಅದರಲ್ಲೂ ಡೈಓಲ್, ಹೋಟ್ರಿಯೆನಾಲ್ ಎರಡೂ ಇವೆ. ತಯಾರಿಕೆ ಬ್ಲ್ಯಾಕ್ ಟೀಯ ಕ್ರಮದ್ದು. ಭಾರತದಲ್ಲಿ ಮೊತ್ತಮೊದಲು ಭೌಗೋಳಿಕ ಸೂಚಿಕೆ ಪಡೆದ ಉತ್ಪನ್ನ ಡಾರ್ಜಿಲಿಂಗ್ ಚಹಾ. ಆದರೆ ಡಬ್ಬಿಯ ಮೇಲೆ ಹುಳುವಿನ ಪಾತ್ರವನ್ನು ತೈವಾನಿನವರಷ್ಟು ಮುಕ್ತವಾಗಿ ಅಲ್ಲಿ ಹೇಳಿಕೊಳ್ಳುವುದಿಲ್ಲ.

ಚೀನಾದ ಫುಜಿಯಾನ್ ಪ್ರಾಂತದ ಡಾಟಿಯಾನ್‌ನಲ್ಲಿ ತೈವಾನಿನ ಮಾದರಿಯಲ್ಲೇ ‘ಸುಂದರಿ ಚಹಾ’ ತಯಾರಾಗುತ್ತದೆ. ವಿಯೆಟ್ನಾಂ, ಥಾಯ್ಲೆಂಡ್‌ಗಳಲ್ಲೂ ಇಂಥ ಚಹಾ ಇದೆ.

ಬಳಕೆ

ಹಾಲು, ಸಕ್ಕರೆ ಹಾಕದೆ ಕುಡಿಯುವ ಚಹಾ ಇದು. ಮನೆಬಳಕೆಗೆ 150 ಮಿಲಿಲೀಟರ್ ನೀರಿಗೆ 3 ಗ್ರಾಂ ಎಲೆ ಸಾಕು. ಕುಡಿಗಳು ಎಳೆಯವಾದ್ದರಿಂದ ಮರಳುವ ನೀರು ಹಾಕದೆ, 85ರಿಂದ 90 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಿ ಎರಡು ಮೂರು ನಿಮಿಷ ಬಿಡುತ್ತಾರೆ. ಸ್ಪರ್ಧೆಯ ಪರೀಕ್ಷೆಯಲ್ಲಿ ಮಾತ್ರ ಇದೇ ಅಳತೆಗೆ ಕುದಿನೀರು ಸುರಿದು ಐದು ನಿಮಿಷ ಇಡುತ್ತಾರೆ. ಎಲೆಯಲ್ಲಿ ದೋಷವಿದ್ದರೆ ಆಗ ಬಚ್ಚಿಟ್ಟುಕೊಳ್ಳಲಾರದು. ಬಸಿದ ಚಹಾ ಕೆಂಪು ಬೆರೆತ ಹೊಂಬಣ್ಣದ್ದು, ಒಗರು ಕಡಿಮೆ. ಒಂದೇ ಎಲೆಯನ್ನು ನಾಲ್ಕೈದು ಸಲ ಬಸಿಯಬಹುದು. ತಣ್ಣೀರಿನಲ್ಲಿ ಹಲವು ಗಂಟೆ ನೆನೆಸಿ ಕುಡಿಯುವ ಕ್ರಮವೂ ಇದೆ.

ಇಂದಿನ ಸ್ಥಿತಿ

ಸಿಂಚು ಮತ್ತು ಮಿಯಾವ್‌ಲಿಯಲ್ಲಿ ವರ್ಷಕ್ಕೊಮ್ಮೆ ನಡೆಯುವ ಗುಣಮಟ್ಟದ ಸ್ಪರ್ಧೆಗಳೇ ಈ ಚಹಾದ ಬೆಲೆಯನ್ನು ನಿರ್ಧರಿಸುತ್ತವೆ. ಬಹುಮಾನ ಪಡೆದ ಚಹಾ ಸಂಘದ ಮುದ್ರೆಯುಳ್ಳ ಡಬ್ಬಿಯಲ್ಲಿ ಮಾರಾಟವಾಗುತ್ತದೆ. ತೈವಾನಿನ ಅತಿ ದುಬಾರಿ ಚಹಾಗಳ ಸಾಲಿನಲ್ಲಿ ಇದು ನಿಂತಿದೆ. ಸಂಶೋಧನೆಯ ಹೊಣೆ ಹೊತ್ತಿರುವ ಹಳೆಯ ಚಹಾ ಕೇಂದ್ರ 2023ರಲ್ಲಿ ಕಾಫಿಯಂಥ ಇತರ ಪಾನೀಯಗಳನ್ನೂ ಒಳಗೊಂಡು ಹೊಸ ಹೆಸರು ಪಡೆದಿದೆ.

ಉತ್ಪಾದನೆಗೆ ಎರಡು ತೊಡಕುಗಳಿವೆ. ಬೇಸಿಗೆಯ ಬಿಸಿಲಿನಲ್ಲಿ ಒಂದೊಂದೇ ಚಿಗುರು ಆರಿಸುವ ಅನುಭವಿಗಳು ವಯಸ್ಸಾದವರು; ಅವರ ಜಾಗಕ್ಕೆ ಬರುವ ಕೈಗಳು ಕಡಿಮೆ. ಎರಡನೆಯದು ಹವಾಮಾನ: ಮಳೆ ಅಕಾಲದಲ್ಲಿ ಸುರಿದರೆ ಹುಳು ಇಳಿಯುತ್ತದೆ, ಬರ ಬಿದ್ದರೆ ಚಿಗುರೇ ಒಡೆಯುವುದಿಲ್ಲ. ಹುಳುವನ್ನು ಸಾಕಿ ತೋಟಕ್ಕೆ ಬಿಟ್ಟು ಖಚಿತ ಫಸಲು ತೆಗೆಯುವ ಕ್ರಮ ರೂಢಿಗೆ ಬಂದಿಲ್ಲ.

ಬೆಲೆ ಹೆಚ್ಚಿರುವಲ್ಲಿ ಕಲಬೆರಕೆಯೂ ಇರುತ್ತದೆ. ಹೊರದೇಶದ ಎಲೆಯನ್ನು ತೈವಾನಿನದೆಂದು ಮಾರುವುದು, ಸುವಾಸನೆ ಸಿಂಪಡಿಸಿದ ಚಹಾಕ್ಕೆ ಇದೇ ಹೆಸರು ಅಂಟಿಸುವುದು ನಡೆದೇ ಇದೆ. ಸುವಾಸನೆ ಬೆರೆಸಿದ ಚಹಾದ ಒಣ ಎಲೆಯೇ ಮೂಗಿಗೆ ರಪ್ಪನೆ ಹೊಡೆಯುತ್ತದೆ, ಎರಡನೆಯ ಬಸಿತಕ್ಕೆ ವಾಸನೆ ಇಳಿದುಹೋಗುತ್ತದೆ. ನಿಜವಾದದ್ದರ ಜೇನುಗಂಪು ಮೂರನೆಯ ಬಸಿತದಲ್ಲೂ ಉಳಿದಿರುತ್ತದೆ, ನೆನೆದು ಬಿಚ್ಚಿಕೊಂಡ ಎಲೆಯ ಅಂಚಿನಲ್ಲಿ ಹುಳು ಹೀರಿದ ಕಂದು ಮುರುಟು ಬರಿಗಣ್ಣಿಗೆ ಕಾಣುತ್ತದೆ.